ಅರಿವೆಯ ಪರದೆ, ಹಿತ್ತಾಳೆಯ ತಲೆ

ಬನಹಟ್ಟಿಯ ನಮ್ಮ ಕಾಕಾ ಯಾವ ಅರಿವೆಯನ್ನೂ ಬೆಳಕಿಗೆ ಹಿಡಿಯದೆ ನಂಬುವವರಲ್ಲ. ಕುಣಿಮಗ್ಗದಲ್ಲಿ ಕೈಕಾಲು ಆಡಿಸಿ ಕಲಿತು, ಆಮೇಲೆ ಪಾವರ್‌ಲೂಮಿಗೆ ಹೊರಳಿ, ಐವತ್ತು ವರ್ಷ ನೇಯ್ದವರು. ಸೀರೆಯಾಗಲಿ, ಮದುವೆಯಲ್ಲಿ ಆಯೇರಿ ಬಂದ ಪ್ಯಾಂಟ್ ಪೀಸಾಗಲಿ, ಟ್ಯೂಬ್‌ಲೈಟಿನ ಎದುರು ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ ಮೇಲೆಯೇ ಮಾತು. ಹೋದ ವರ್ಷ ನನ್ನ ಹಳೇ ರೇಂಜ್‌ಫೈಂಡರ್ ಕ್ಯಾಮೆರಾಕ್ಕೂ ಅದೇ ಪರೀಕ್ಷೆ ನಡೆಯಿತು. ಲೆನ್ಸ್ ಬಿಚ್ಚಿ, ಹಿಂಬದಿಯ ಮುಚ್ಚಳ ತೆಗೆದು, ನಡುವೆ ಅಡ್ಡ ನಿಂತ ಕಪ್ಪು ಪರದೆಯನ್ನು ಬೆಳಕಿಗೆ ಹಿಡಿದವರೇ ಅಂದರು: "ಇಲ್ಲೊಂದು ಚಿಕ್ಕಿ ಮೂಡೇತಿ ನೋಡ ತಮ್ಮಾ."

ನಿಜ. ಕಪ್ಪು ಪರದೆಯಲ್ಲಿ ಸೂಜಿಮೊನೆಯಷ್ಟು ತೂತು, ಅದರೊಳಗಿಂದ ಟ್ಯೂಬ್‌ಲೈಟು ಚಿಕ್ಕಿಯ ಹಾಗೆ ಹೊಳೆಯುತ್ತಿತ್ತು. ತಪ್ಪು ಕ್ಯಾಮೆರಾದ್ದಲ್ಲ, ನನ್ನದು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಲೆನ್ಸಿನ ಟೊಪ್ಪಿಗೆ ಹಾಕದೆ, ಮಗ್ಗದ ಶೆಡ್ಡಿನ ಕಟ್ಟೆಯ ಮೇಲೆ ಅದನ್ನು ಪಡುವಣಕ್ಕೆ ಮುಖ ಎತ್ತಿ ಇಟ್ಟು ಚಹಾ ಕುಡಿಯಲು ಹೋಗಿದ್ದೆ. ವಾಪಸು ಬರುವಷ್ಟರಲ್ಲಿ ಸೂರ್ಯ ತನ್ನ ಕೆಲಸ ಮುಗಿಸಿದ್ದ.

ಮಕ್ಕಳು ಭೂತಗನ್ನಡಿಯಲ್ಲಿ ಕಾಗದ ಸುಡುವ ಆಟವೇ ಇದು. 50 ಮಿಲಿಮೀಟರ್ ಲೆನ್ಸು, ಬಾಯಿಯ ಅಗಲ 25 ಮಿಲಿಮೀಟರ್. ಆಕಾಶದಲ್ಲಿ ಸೂರ್ಯ ಅರ್ಧ ಡಿಗ್ರಿ ಅಗಲ ಕಾಣುತ್ತಾನೆ. ಆ ಲೆನ್ಸಿನ ಹಿಂದೆ ಬೀಳುವ ಅವನ ಬಿಂಬದ ಅಗಲ ಅರ್ಧ ಮಿಲಿಮೀಟರಿಗೂ ಒಂದಿಷ್ಟು ಕಡಿಮೆ. 25 ಮಿಲಿಮೀಟರ್ ವೃತ್ತದ ಮೇಲೆ ಬಿದ್ದ ಬಿಸಿಲೆಲ್ಲ ಆ ಚುಕ್ಕೆಗೆ ಇಳಿದರೆ ಬಿಸಿಲಿನ ತೀಕ್ಷ್ಣತೆ ಸುಮಾರು 2,900 ಪಟ್ಟು ಏರುತ್ತದೆ. ಒಟ್ಟು ಶಕ್ತಿ ಅರ್ಧ ವ್ಯಾಟಿನಷ್ಟು ಮಾತ್ರ. ಆದರೆ ಆ ಅರ್ಧ ವ್ಯಾಟು ಸಾಸಿವೆಗಿಂತ ಸಣ್ಣ ಜಾಗದಲ್ಲಿ ಕೂತರೆ ರಬ್ಬರ್ ಲೇಪಿಸಿದ ಅರಿವೆ ತಾಳುವುದು ಎಷ್ಟು ಹೊತ್ತು? ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ ಕನ್ನಡಿ ಅಡ್ಡ ನಿಂತಿರುತ್ತದೆ, ಬೆಳಕನ್ನು ಮೇಲಕ್ಕೆ ತಿರುಗಿಸುತ್ತದೆ. ರೇಂಜ್‌ಫೈಂಡರಿನಲ್ಲಿ ಆ ಕನ್ನಡಿ ಇಲ್ಲ. ಲೆನ್ಸು, ಅದರ ಹಿಂದೆ ಪರದೆ, ಪರದೆಯ ಬೆನ್ನಿಗೆ ಫಿಲ್ಮು.

ಪರದೆ ನೋಡಿ ಮುಗಿಸಿದ ಕಾಕಾ ಕ್ಯಾಮೆರಾವನ್ನು ಅಂಗೈಯಲ್ಲಿ ತೂಗಿ ಕೇಳಿದರು: "ಹಳೇದು ಗಟ್ಟಿ, ಹಳೇದು ಗಟ್ಟಿ ಅಂತೀರಲ್ಲ, ಹಳೇದಕ್ಕೂ ಹೊಸಾದಕ್ಕೂ ಏನ ಫರಕ? ಎದರಾಗ ಗಟ್ಟಿ?"

ಆಗ ನನ್ನಿಂದ ಸರಿಯಾದ ಉತ್ತರ ಬರಲಿಲ್ಲ. ಕ್ಯಾಮೆರಾ ಹುಚ್ಚರೆಲ್ಲ ಬಾಯಿಪಾಠ ಮಾಡಿದ ಉತ್ತರ ಒಂದಿದೆ: 1950ರ ದಶಕದ್ದು ಹಿತ್ತಾಳೆ, ಕೈಕೆಲಸ, ಬಂಗಾರ, 1980ರ ದಶಕದ್ದು ಸತು, ಕಾರ್ಖಾನೆ ಕೆಲಸ, ಲೊಳಲೊಟ್ಟೆ. ಇದನ್ನು ನಾನೂ ಬಹಳ ವರ್ಷ ನಂಬಿದ್ದೆ. ಈಗ ಅರ್ಧ ಮಾತ್ರ ನಂಬುತ್ತೇನೆ.

ಮೊದಲು ರೇಂಜ್‌ಫೈಂಡರ್ ಮಾಡುವ ಕೆಲಸ ಏನೆಂದು ನೋಡಬೇಕು. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ, 1989ರಲ್ಲಿ ರೈತರೇ ದುಡ್ಡು ಹಾಕಿ ಬೆವರು ಸುರಿಸಿ ಕಟ್ಟಿದ ಬ್ಯಾರೇಜಿನ ಬಳಿ, ಕೃಷ್ಣೆಯ ದಂಡೆಗೆ ಹೋಗಿ ನಿಲ್ಲಿ. ಆಚೆ ದಂಡೆಯ ಒಂದು ಜಾಲಿ ಗಿಡವನ್ನು ಗುರುತು ಮಾಡಿಕೊಳ್ಳಿ. ಈಚೆ ದಂಡೆಯ ಗುಂಟ ಇಪ್ಪತ್ತು ಹೆಜ್ಜೆ ಸರಿದು ಮತ್ತೆ ಅದನ್ನೇ ನೋಡಿ. ಗಿಡ ಅಲ್ಲೇ ಇದೆ, ಕತ್ತು ಮಾತ್ರ ಸ್ವಲ್ಪ ಹೊರಳಿದೆ. ಎಷ್ಟು ಹೆಜ್ಜೆ ಸರಿದಿರಿ, ಕತ್ತು ಎಷ್ಟು ಹೊರಳಿತು, ಇವೆರಡು ಗೊತ್ತಿದ್ದರೆ ಹೊಳೆಗೆ ಇಳಿಯದೆಯೇ ಅದರ ಅಗಲ ಹೇಳಬಹುದು. ಭೂಮಾಪಕರ ಹಳೇ ಲೆಕ್ಕ. ರೇಂಜ್‌ಫೈಂಡರ್ ಕ್ಯಾಮೆರಾದ ಹಣೆಯ ಮೇಲಿನ ಎರಡು ಕಿಟಕಿಗಳು ಆ ಎರಡು ನಿಲುಗಡೆಗಳು. ಲೆನ್ಸ್ ತಿರುಗಿಸಿದಂತೆ ಒಳಗೆ ಒಂದು ಕಿಟಕಿಯ ಬಿಂಬ ಹೊರಳುತ್ತದೆ. ಎರಡು ಬಿಂಬ ಒಂದರ ಮೇಲೊಂದು ಕೂತಾಗ ಫೋಕಸು ಸರಿಯಾಯಿತು.

ತೊಂದರೆ ಇರುವುದು ಅಳತೆಯಲ್ಲಿ. ಹೊಳೆಯ ದಂಡೆಯಲ್ಲಿ ಇಪ್ಪತ್ತು ಹೆಜ್ಜೆ ಸಿಗುತ್ತದೆ, ಕ್ಯಾಮೆರಾದಲ್ಲಿ ಸಿಗುವುದು ಏಳು ಸೆಂಟಿಮೀಟರ್. ಲೈಕಾ ಎಂ3 ಎಂಬ ಕ್ಯಾಮೆರಾದಲ್ಲಿ ಎರಡು ಕಿಟಕಿಗಳ ಅಂತರ ಸುಮಾರು 69 ಮಿಲಿಮೀಟರ್. ಹತ್ತು ಮೀಟರ್ ದೂರದ ಮನುಷ್ಯನಿಗೂ ದಿಗಂತದ ಗುಡ್ಡಕ್ಕೂ ನಡುವೆ ಆ ಹೊರಳು 0.4 ಡಿಗ್ರಿ. 50 ಮಿಲಿಮೀಟರ್ ಲೆನ್ಸು ದಿಗಂತದಿಂದ ಹತ್ತು ಮೀಟರಿಗೆ ಬರಲು ಮುಂದೆ ಸರಿಯುವುದು ಕಾಲು ಮಿಲಿಮೀಟರ್. ಆ ಕಾಲು ಮಿಲಿಮೀಟರನ್ನು ಲೆನ್ಸಿನ ಹಿಂಬದಿಯ ಕ್ಯಾಮು ಒಂದು ಪುಟ್ಟ ಗಾಲಿಗೆ, ಗಾಲಿ ಒಂದು ತೋಳಿಗೆ, ತೋಳು ಮೇಲಿನ ಬೆಳಕಿನ ದಾರಿಗೆ ದಾಟಿಸಬೇಕು. ನಡುವೆ ಎಲ್ಲೋ 0.05 ಮಿಲಿಮೀಟರ್, ಅಂದರೆ ಒಂದು ಕೂದಲಿಗಿಂತ ತೆಳ್ಳಗಿನ ಸಡಿಲ ಬಿದ್ದರೂ, ಒಂದು ಮೀಟರ್ ದೂರದ ಮುಖ ತೆಗೆಯುವಾಗ ಫೋಕಸು ಎರಡು ಸೆಂಟಿಮೀಟರ್ ಸರಿಯುತ್ತದೆ. ಕಣ್ಣಿಗೆ ಇಟ್ಟದ್ದು ಕಿವಿಯ ಕಡೆ ಜಾರಿತು. ಕ್ಯಾಮೆರಾದ ಹೊರಮೈಯನ್ನು ಸುತ್ತಿಗೆಯಿಂದ ಬಡಿದರೂ ಬಗ್ಗದಂತೆ ಮಾಡಬಹುದು, ಅದರಿಂದ ಈ ಕೂದಲೆಳೆ ಅಳತೆ ತಪ್ಪದೆ ಉಳಿಯುತ್ತದೆಂಬ ಭರವಸೆ ಇಲ್ಲ. ಕಾಕಾ ಕೇಳಿದ ಗಟ್ಟಿತನ ಇಲ್ಲಿಂದಲೇ ಎರಡಾಗಿ ಸೀಳುತ್ತದೆ.

ಇಂಥ ಅಳತೆಯನ್ನು ಕಾರ್ಖಾನೆಯಲ್ಲಿ ಸಾಧಿಸುವ ದಾರಿಗಳು ಎರಡು. ಇದನ್ನು ಪಾವರ್‌ಲೂಮಿನ ಜಾಬರ್‌ಗಳಿಗೆ ವಿವರಿಸಬೇಕಾಗಿಲ್ಲ. ಒಂದು, ಬಿಡಿಭಾಗಗಳು ಒಂದಿಷ್ಟು ಹೆಚ್ಚುಕಡಿಮೆ ಇರಲಿ ಎಂದು ಬಿಟ್ಟು, ಜೋಡಿಸುವವನು ಉಜ್ಜಿ, ತಟ್ಟಿ, ಸ್ಕ್ರೂ ತಿರುವಿ ಒಂದಕ್ಕೊಂದು ಹೊಂದಿಸುವುದು. ಇನ್ನೊಂದು, ಬಿಡಿಭಾಗಗಳನ್ನೇ ಕರಾರುವಾಕ್ಕಾಗಿ ಮಾಡಿ, ಯಾವುದನ್ನು ಯಾವುದಕ್ಕೆ ಹಾಕಿದರೂ ಕೂಡುವಂತೆ ಮಾಡುವುದು. ತಪ್ಪು ಎರಡರಲ್ಲೂ ಇದ್ದೇ ಇರುತ್ತದೆ. ಮೊದಲನೆಯದರಲ್ಲಿ ಅದನ್ನು ನುಂಗುವುದು ಮನುಷ್ಯನ ಕೈ, ಎರಡನೆಯದರಲ್ಲಿ ಅಚ್ಚು ಮತ್ತು ಯಂತ್ರ. ಯಾಂತ್ರಿಕ ರೇಂಜ್‌ಫೈಂಡರ್‌ಗಳ ತಲೆಮಾರುಗಳ ಕತೆ, ನನ್ನ ಲೆಕ್ಕದಲ್ಲಿ, ಆ ತಪ್ಪು ಕೈಯಿಂದ ಅಚ್ಚಿನ ಕಡೆ ಸರಿದ ಕತೆ.

ಲೈಕಾ ಮಾರುಕಟ್ಟೆಗೆ ಬಂದದ್ದು 1925ರಲ್ಲಿ, ಜರ್ಮನಿಯ ವೆಟ್ಸ್ಲಾರ್ ಊರಿನ ಲೈಟ್ಸ್ ಕಾರ್ಖಾನೆಯಿಂದ. ಅಲ್ಲಿನ ಸೂಕ್ಷ್ಮದರ್ಶಕದ ಕೆಲಸಗಾರ ಆಸ್ಕರ್ ಬಾರ್ನಾಕ್ ಅದನ್ನು ರೂಪಿಸಿದ. 1930ರಲ್ಲಿ ಲೆನ್ಸ್ ಬದಲಿಸಬಹುದಾದ ಮಾದರಿ ಬಂತು, ಆದರೆ ಒಂದು ತೊಡಕಿನೊಂದಿಗೆ. ಒಂದೊಂದು ಲೆನ್ಸನ್ನೂ ಒಂದೊಂದು ಕ್ಯಾಮೆರಾಕ್ಕೆ ಕಾರ್ಖಾನೆಯಲ್ಲೇ ಹೊಂದಿಸಿ ಕೊಡುತ್ತಿದ್ದರು. ನನ್ನ ಲೆನ್ಸನ್ನು ನಿಮ್ಮ ಕ್ಯಾಮೆರಾಕ್ಕೆ ಹಾಕಿದರೆ ಫೋಕಸು ಕೂಡುತ್ತದೆಂಬ ಖಾತ್ರಿ ಇರಲಿಲ್ಲ. 1931ರಲ್ಲಿ ಲೆನ್ಸ್ ಕೂಡುವ ಬಳೆಯಿಂದ ಫಿಲ್ಮಿನವರೆಗಿನ ದೂರವನ್ನು 28.8 ಮಿಲಿಮೀಟರ್ ಎಂದು ಗೊತ್ತುಮಾಡಿದರು. ಹಾಗೆ ಮಾಡಿದ ಕ್ಯಾಮೆರಾದ ಬಳೆಯ ನೆತ್ತಿಯಲ್ಲಿ ಒಂದು ಸೊನ್ನೆ ಕೆತ್ತಿದರು. ಇಡೀ ಕ್ಯಾಮೆರಾ ಚರಿತ್ರೆಯಲ್ಲಿ ನನಗೆ ಬಹಳ ಇಷ್ಟವಾದ ಗುರುತು ಆ ಸೊನ್ನೆ. ಕೈ ನುಂಗುತ್ತಿದ್ದ ತಪ್ಪನ್ನು ಇನ್ನು ಮೇಲೆ ಅಳತೆಯೇ ನುಂಗುತ್ತದೆ ಎಂದು ಬರೆದುಕೊಟ್ಟ ಹಾಗೆ. ಮುಂದಿನ ವರ್ಷ, 1932ರಲ್ಲಿ, ಲೆನ್ಸಿಗೆ ಜೋಡಿಸಿದ ರೇಂಜ್‌ಫೈಂಡರ್ ಇರುವ ಲೈಕಾ 2 ಬಂತು. ಸೊನ್ನೆಯ ಶಿಸ್ತು ಇಲ್ಲದಿದ್ದರೆ ಅದು ಆಗುತ್ತಿರಲಿಲ್ಲ.

1940ರ 3ಸಿ ಮಾದರಿಯಲ್ಲಿ ಇನ್ನೊಂದು ಹೆಜ್ಜೆ. ಅಲ್ಲಿವರೆಗೆ ಮೈಯನ್ನು ತಗಡಿನ ಹಲವು ತುಂಡುಗಳಿಂದ ಕೂಡಿಸುತ್ತಿದ್ದರು, ಇಲ್ಲಿಂದ ಒಳಗಿನ ಚೌಕಟ್ಟನ್ನು ಅಚ್ಚಿನಲ್ಲಿ ಎರಕ ಹೊಯ್ದರು. ಕೀಲುಗಳು ಕಡಿಮೆಯಾದವು, ಬಿಗಿ ಹೆಚ್ಚಾಯಿತು. ಎರಕದ ಅಚ್ಚು ಬಂದಾಗಲೆಲ್ಲ ಗುಣಮಟ್ಟ ಕುಸಿಯಿತು ಎನ್ನುವವರು ಈ 3ಸಿಯನ್ನು ಮರೆತಿರುತ್ತಾರೆ.

ಎಂ3 ಹುಟ್ಟಿದ್ದು 1954ರಲ್ಲಿ. ಜಮಖಂಡಿ ಸಂಸ್ಥಾನ ವಿಲೀನವಾಗಿ ಆರು ವರ್ಷ ಆಗಿತ್ತು. ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದೆವು. ಅದನ್ನು ಹಿಡಿದು ನೋಡುವ ಭಾಗ್ಯ ನನಗೆ ಸಿಕ್ಕಿದ್ದು ಬೆಳಗಾವಿಯ ಒಬ್ಬ ಪರಿಚಯದವರ ಮನೆಯಲ್ಲಿ, ಅದಕ್ಕಿಂತ ಮೂವತ್ತು ವರ್ಷ ಕಿರಿಯದಾದ ಎಂ6ರ ಪಕ್ಕದಲ್ಲಿ. ಎಂ3ರಲ್ಲಿ ಫಿಲ್ಮ್ ಮುಂದೂಡುವ ಸನ್ನೆ ಎಳೆದಾಗ ಹಲ್ಲುಗಾಲಿಗಳು ತಿರುಗುವುದು ಬೆರಳಿಗೆ ತಿಳಿಯುವುದೇ ಇಲ್ಲ. ಬೆಣ್ಣೆಯಲ್ಲಿ ಚಾಕು ಹೋದ ಹಾಗೆ. ಎಂ6ರಲ್ಲಿ ಸಣ್ಣ ಕರಕರ. ಮನೆಯವರು ಏನೂ ಹೇಳದೆ ನನ್ನ ಮುಖ ನೋಡಿ ನಕ್ಕರು.

ಈ ಬೆಣ್ಣೆತನಕ್ಕೆ ಕಾರಣ ಉಂಟು. ಉಕ್ಕಿನ ಮೇಲೆ ಉಕ್ಕು ಉಜ್ಜಿದರೆ ಒಂದೇ ಜಾತಿಯ ಲೋಹಗಳು ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಉಕ್ಕಿನ ಮೇಲೆ ಹಿತ್ತಾಳೆ ಹಾಗೆ ಕಚ್ಚುವುದಿಲ್ಲ, ತುಸು ಸವೆದು ತನ್ನಷ್ಟಕ್ಕೆ ನುಣುಪಾಗುತ್ತದೆ. ಎಂ3ರ ಒಳಗಿನ ಹಿತ್ತಾಳೆ ಗಾಲಿಗಳು ಓಡಿ ಓಡಿ ಪಳಗಿದವು. 1970ರ ದಶಕದ ಕೊನೆಗೆ ಬಂದ ಎಂ4-2ಕ್ಕೆ ಮೋಟಾರು ಕೂಡಿಸಬಹುದಾಗಿತ್ತು. ಮೋಟಾರಿನ ಜಗ್ಗಾಟಕ್ಕೆ ಹಿತ್ತಾಳೆ ಹಲ್ಲು ನಿಲ್ಲುವುದಿಲ್ಲ ಎಂದು ಕೆಲವು ಗಾಲಿಗಳನ್ನು ಉಕ್ಕಿಗೆ ಬದಲಿಸಿದರು. ಬೆರಳಿಗೆ ಒರಟು, ಬಲಕ್ಕೆ ಹೆಚ್ಚು. ಅಂದಮೇಲೆ ಎರಡರಲ್ಲಿ ಗಟ್ಟಿ ಯಾವುದು? ನುಣುಪನ್ನು ನಾವು ಗಟ್ಟಿತನ ಎಂದು ಓದಿಕೊಳ್ಳುತ್ತೇವೆ. ಎಷ್ಟೋ ಸಲ ಅದು ಬರೀ ನುಣುಪು.

"ಹಿತ್ತಾಳೆಯ ಕ್ಯಾಮೆರಾ" ಎಂಬ ಮಾತೂ ಅಷ್ಟೇ. ಎಂ3ರಲ್ಲಿ ಹಿತ್ತಾಳೆ ಇರುವುದು ತಲೆಯ ತಗಡು ಮತ್ತು ತಳದ ತಗಡು, ಮೇಲೆ ಕ್ರೋಮ್ ಲೇಪ. ನಡುವಿನ ಚೌಕಟ್ಟು ಅಲ್ಯುಮಿನಿಯಂ ಎರಕ. ನಿಜವಾದ ಭಾರ ಹೊರುವುದು ಅದೇ, ಹೆಸರು ಮಾತ್ರ ಹಿತ್ತಾಳೆಗೆ.

ಇಷ್ಟು ಚೆಂದದ ಎಂ3ರ ನೆತ್ತಿಯಲ್ಲೇ ಒಂದು ನಾಜೂಕು ಜಾಗ ಇದೆ. ರೇಂಜ್‌ಫೈಂಡರಿನ ಗಾಜಿನ ಪಟ್ಟಕಗಳನ್ನು ಕೆನಡಾ ಬಾಲ್ಸಂ ಎಂಬ ಮರದ ಅಂಟಿನಿಂದ ಜೋಡಿಸಿದ್ದಾರೆ. ದಶಕಗಳು ಕಳೆದ ಮೇಲೆ ಆ ಅಂಟು ಒಣಗಿ ಪೆಡಸಾಗುತ್ತದೆ. ಆಮೇಲೆ ಮೇಜಿನಿಂದ ಒಂದು ಸಲ ಬಿದ್ದರೆ ಸಾಕು, ಗಾಜು ಗಾಜಿನಿಂದ ಬಿಟ್ಟು ಕಿಟಕಿ ಕತ್ತಲಾಗುತ್ತದೆ. ಹಿತ್ತಾಳೆಯ ತಲೆಗೆ ಗೀರೂ ಬಿದ್ದಿರುವುದಿಲ್ಲ, ಒಳಗಿನ ಕಣ್ಣು ಹೋಗಿರುತ್ತದೆ. ಮುಂದಿನ ಮಾದರಿಗಳು ಈ ಕಾಯಿಲೆಗೆ ಇಷ್ಟು ಸುಲಭವಾಗಿ ಬೀಳುವುದಿಲ್ಲ. ಫಿಲ್ಮ್ ತುಂಬುವುದೂ ಸುತ್ತುವುದೂ 1967ರ ಎಂ4ರಲ್ಲಿ ಎಷ್ಟೋ ಸಲೀಸಾಯಿತು. ಯಾರಾದರೂ ಒಂದನ್ನು ಆರಿಸಿಕೋ ಎಂದರೆ ನಾನು ಎಂ4ಕ್ಕೆ ಕೈ ಚಾಚುತ್ತೇನೆ, ಎಂ3 ಭಕ್ತರು ಬೈದರೆ ಬೈಯಲಿ.

1971ರ ಎಂ5 ಹಳೇ ಪದ್ಧತಿಯಲ್ಲೇ, ಉಜ್ಜಿ ಹೊಂದಿಸಿ ಮಾಡಿದ ಕ್ಯಾಮೆರಾ. ಲೆನ್ಸಿನ ಹಿಂದೆಯೇ ಬೆಳಕು ಅಳೆಯುವ ಪುಟ್ಟ ತೋಳು ಬೇರೆ. ಆದರೆ ದಪ್ಪ, ಎತ್ತರ, ನೋಡಲು ಇಟ್ಟಂಗಿ. ಜನ ಮುಟ್ಟಲಿಲ್ಲ. 1975ಕ್ಕೆ ಅದರ ಕತೆ ಮುಗಿಯಿತು. ಅಷ್ಟರಲ್ಲಿ ಜಪಾನಿನ ಎಸ್‌ಎಲ್‌ಆರ್‌ಗಳು ಪೇಟೆಯನ್ನು ತುಂಬಿದ್ದವು. ಎಂ ವಂಶ ಉಳಿದದ್ದು ಕೆನಡಾದ ಮಿಡ್‌ಲ್ಯಾಂಡ್ ಊರಿನ ಘಟಕದಲ್ಲಿ, ಎಂ4-2ರ ರೂಪದಲ್ಲಿ. ಖರ್ಚು ಇಳಿಸಲೇಬೇಕಿತ್ತು. ಸೆಲ್ಫ್ ಟೈಮರ್ ಹೋಯಿತು. ರೇಂಜ್‌ಫೈಂಡರಿನೊಳಗಿನ ಒಂದು ಚಿಕ್ಕ ಮಸೂರವೂ ಹೋಯಿತು. ಅದರ ಫಲವಾಗಿ ಎಂ6ರವರೆಗೂ, ಬೆಳಕು ಒಂದು ಕೋನದಲ್ಲಿ ಬಿದ್ದಾಗ ನಡುವಿನ ಬಿಂಬ ಬೆಳ್ಳಗೆ ಮಾಸಿ ಫೋಕಸು ಕಾಣದಂತಾಗುತ್ತದೆ. ಕಣ್ಣನ್ನು ಅತ್ತಿತ್ತ ಸರಿಸಿ ಹುಡುಕಬೇಕು. ಜೋಡಣೆಯ ರೀತಿಯೂ ಬದಲಾಯಿತು: ಉಜ್ಜಿ ಹೊಂದಿಸುವ ಹಿರಿಯರ ತಾಸುಗಟ್ಟಲೆ ಕೆಲಸದ ಜಾಗಕ್ಕೆ ಮೊದಲೇ ಅಳತೆಗೆ ಮಾಡಿಟ್ಟ ಬಿಡಿಭಾಗಗಳು ಬಂದವು.

1984ರ ಎಂ6ರ ತಲೆಯ ವಿಷಯಕ್ಕೆ ಬರೋಣ, ರಸಾಯನಶಾಸ್ತ್ರ ಇರುವುದು ಅಲ್ಲಿ. ಹಿತ್ತಾಳೆ ತಗಡನ್ನು ಒತ್ತಿ ಬಗ್ಗಿಸಿ ಮಾಡುತ್ತಿದ್ದ ತಲೆಯನ್ನು ಸತುವಿನ ಎರಕಕ್ಕೆ ಬದಲಿಸಿದರು. ಸತು 420 ಡಿಗ್ರಿಗೆ ಕರಗುತ್ತದೆ, ಹಿತ್ತಾಳೆ ಕರಗಲು 900 ಬೇಕು. ಕರಗಿದ ಸತುವನ್ನು ಒತ್ತಡದಿಂದ ಅಚ್ಚಿಗೆ ನುಗ್ಗಿಸಿದರೆ ಮೂಲೆಮೂಲೆಯೂ ತುಂಬಿ, ಒಂದೇ ಏಟಿಗೆ ಸಂಕೀರ್ಣ ಆಕಾರ ಬರುತ್ತದೆ, ಅಚ್ಚೂ ಬೇಗ ಸವೆಯುವುದಿಲ್ಲ. ಆಕಾರದ ಕರಾರುವಾಕ್ಕಿನಲ್ಲಿ ಇದು ಹಿತ್ತಾಳೆಗೆ ಸೋಲುವುದಿಲ್ಲ. ಸೋಲುವುದು ಮುಪ್ಪಿನಲ್ಲಿ. ನುಗ್ಗುವ ಲೋಹ ಗಾಳಿಯನ್ನೂ ಒಳಗೆ ಸಿಕ್ಕಿಸಿಕೊಳ್ಳುತ್ತದೆ, ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ಮೇಲೆ ಲೇಪ. ಲೇಪದಲ್ಲಿ ಎಲ್ಲೋ ಒಂದು ಸೂಜಿತೂತು, ಅದರಲ್ಲಿ ಬೆರಳಿನ ಬೆವರು, ಅಲ್ಲಿಗೆ ಒಂದು ಪುಟ್ಟ ಬ್ಯಾಟರಿ ತಯಾರು.

ನಮ್ಮ ಕಡೆಯ ಪತ್ರಾಸಿನ ಶೆಡ್ಡುಗಳನ್ನು ನೋಡಿ. ಕಬ್ಬಿಣದ ತಗಡಿನ ಮೇಲೆ ಸತುವಿನ ಲೇಪ. ಮಳೆನೀರು ಬಿದ್ದಾಗ ಸತು ಮೊದಲು ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ, ಏಕೆಂದರೆ ಎಲೆಕ್ಟ್ರಾನು ಬಿಟ್ಟುಕೊಡುವುದರಲ್ಲಿ ಅದು ಕಬ್ಬಿಣಕ್ಕಿಂತ ಉದಾರಿ. ಎಂ6ರ ತಲೆಯಲ್ಲಿ ಆ ಉದಾರ ಗುಣವೇ ಮುಳುವಾಗುತ್ತದೆ. ಇಲ್ಲಿ ಸತು ಕೆಳಗೆ, ಅದಕ್ಕಿಂತ ಜಿಪುಣ ಲೋಹಗಳು ಮೇಲೆ. ಮೇಲಿನ ಅಂಗಿಯನ್ನು ಉಳಿಸಲು ಕೆಳಗಿನ ಮೈ ಕರಗುತ್ತದೆ. ಕರಗಿದ ಸತು ಬಿಳಿ ಪುಡಿಯಾಗಿ ಹೆಚ್ಚು ಜಾಗ ಬೇಡುತ್ತದೆ, ಲೇಪವನ್ನು ಒಳಗಿಂದ ಎತ್ತುತ್ತದೆ. ಕೆಲವು ಎಂ6ಗಳ ತಲೆಯ ಮೇಲೆ ಕಾಣುವ ಗುಳ್ಳೆಗಳು ಇವೇ. ನಾನು ನೋಡಿದ ಎಂ6ರಲ್ಲೂ ಎರಡು ಗುಳ್ಳೆ ಇದ್ದವು, ಒಂದು ಸಾಸಿವೆಯಷ್ಟು, ಇನ್ನೊಂದು ಜೋಳದ ಕಾಳಿನಷ್ಟು. ಫೋಟೋಕ್ಕೆ ಅದರಿಂದ ಏನೂ ಆಗುವುದಿಲ್ಲ, ಮಾಲೀಕನ ಹೊಟ್ಟೆ ಮಾತ್ರ ಉರಿಯುತ್ತದೆ. 2003ರ ಎಂಪಿ ಮಾದರಿಯಲ್ಲಿ ಹಿತ್ತಾಳೆ ತಲೆ ಮರಳಿತು, ಕೈಬಿಟ್ಟಿದ್ದ ಆ ಚಿಕ್ಕ ಮಸೂರವೂ ಮರಳಿತು. 2022ರಲ್ಲಿ ಎಂ6ನ್ನೇ ಮತ್ತೆ ಮಾಡತೊಡಗಿದಾಗ ಅದರ ತಲೆಯೂ ಹಿತ್ತಾಳೆಯದಾಯಿತು. ಬೆಲೆ ಏನಾಯಿತೆಂದು ಕೇಳಬೇಡಿ, ಬನಹಟ್ಟಿಯಲ್ಲಿ ಮಗ್ಗಗಳ ಲೆಕ್ಕದಲ್ಲಿ ಹೇಳಬೇಕಾಗುತ್ತದೆ.

ಲೈಕಾದ ಕತೆಯಲ್ಲಿ ವಿನ್ಯಾಸವೂ ಬದಲಾಗುತ್ತಾ ಹೋಗಿದೆ, ತಯಾರಿಕೆಯೂ ಬದಲಾಗಿದೆ. ಯಾವುದರ ದೋಷ ಯಾವುದೆಂದು ಬಿಡಿಸುವುದು ಕಷ್ಟ. ವಿನ್ಯಾಸವನ್ನು ಹಾಗೇ ಇಟ್ಟು ತಯಾರಿಕೆಯನ್ನು ಮಾತ್ರ ಬದಲಿಸಿದರೆ ಏನಾಗುತ್ತಿತ್ತು? ಅಂಥ ಪ್ರಯೋಗವನ್ನು ಯಾವ ವಿಜ್ಞಾನಿಯೂ ಮಾಡಲಾರ. ಯುದ್ಧ ಮಾಡಿತು.

1936ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನಲ್ಲಿ ಝೈಸ್ ಐಕಾನ್ ಕಂಪನಿ ಕಾಂಟ್ಯಾಕ್ಸ್ 2 ತಂದಿತು. ನೋಡುವ ಕಿಟಕಿ, ದೂರ ಅಳೆಯುವ ಕಿಟಕಿ ಎರಡನ್ನೂ ಒಂದೇ ಕಣ್ಣಿಗೆ ಕೂಡಿಸಿದ ಮೊದಲ ಕ್ಯಾಮೆರಾ ಅದು. ಎರಡು ಕಿಟಕಿಗಳ ಅಂತರ 90 ಮಿಲಿಮೀಟರ್, ಲೈಕಾಕ್ಕಿಂತ ಎಷ್ಟೋ ಉದ್ದ. ಪರದೆ ಅರಿವೆಯದಲ್ಲ, ಅಂಗಡಿಯ ಶಟರಿನಂತೆ ಹಿತ್ತಾಳೆಯ ಸಣ್ಣ ಪಟ್ಟಿಗಳನ್ನು ಕೊಂಡಿ ಹಾಕಿ ಮಾಡಿದ್ದು, ಮೇಲಿನಿಂದ ಕೆಳಕ್ಕೆ ಓಡುತ್ತದೆ. ಅದನ್ನು ಎಳೆಯುವುದು ಎರಡು ರೇಷ್ಮೆ ಪಟ್ಟಿ. ಕಾಕಾಗೆ ಇದನ್ನು ಹೇಳಿದಾಗ ಬಹಳ ಖುಷಿಪಟ್ಟರು: "ಅಷ್ಟ ಹಿತ್ತಾಳಿ ಇಟ್ಟು ಕಡೀಕ ರೇಷ್ಮಿಗೇ ಬಂದ್ರೇನು!" ಹೌದು, ಮತ್ತು ಆ ಕ್ಯಾಮೆರಾ ಸಾಯುವುದೂ ಹೆಚ್ಚಾಗಿ ಆ ರೇಷ್ಮೆ ಪಟ್ಟಿ ಹರಿದೇ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಪರಿಹಾರದ ಲೆಕ್ಕದಲ್ಲಿ ಕಾಂಟ್ಯಾಕ್ಸ್ ಮಾಡುವ ಯಂತ್ರಸಾಮಗ್ರಿ ಸೋವಿಯತ್ ಒಕ್ಕೂಟಕ್ಕೆ, ಕೀವ್ ನಗರದ ಆರ್ಸೆನಲ್ ಕಾರ್ಖಾನೆಗೆ ಹೋಯಿತು. 1940ರ ದಶಕದ ಕೊನೆಗೆ ಅಲ್ಲಿಂದ "ಕೀವ್" ಕ್ಯಾಮೆರಾಗಳು ಹೊರಬಿದ್ದವು. ಮೊದಮೊದಲಿನವುಗಳಲ್ಲಿ ಜರ್ಮನ್ ಬಿಡಿಭಾಗಗಳೇ ಇದ್ದವು. ಆಮೇಲೆ ಸಣ್ಣಪುಟ್ಟ ಬದಲಾವಣೆಗಳೊಂದಿಗೆ 1980ರ ದಶಕದವರೆಗೂ ಅದೇ ಕ್ಯಾಮೆರಾ. ನಕಾಶೆ ಒಂದೇ, ಪಟ್ಟಿಯ ಪರದೆ ಒಂದೇ, 90 ಮಿಲಿಮೀಟರ್ ಒಂದೇ. ರಿಪೇರಿಯವರ ಮಾತಿನಲ್ಲಿ ಮಾತ್ರ 1950ರ ದಶಕದ ಕೀವ್ ಒಂದು ವಸ್ತು, 1970-80ರ ದಶಕದ್ದು ಇನ್ನೊಂದು. ಮೊದಲನೆಯದನ್ನು ಬಿಚ್ಚಿದರೆ ಬಿಡಿಭಾಗಗಳು ನುಣುಪಾಗಿ ಕೂತಿರುತ್ತವೆ. ಕೊನೆಯದರಲ್ಲಿ ಗಾಲಿಯ ಅಂಚಿನಲ್ಲಿ ಉಳಿದ ಚೂರು, ಅಳತೆಗೂ ಮೀರಿದ ಗ್ರೀಸು. ವಿನ್ಯಾಸ ಸವೆಯುವುದಿಲ್ಲ, ಅಚ್ಚು ಸವೆಯುತ್ತದೆ. ಸವೆದ ಅಚ್ಚಿನಿಂದ ಬಂದ ತಪ್ಪನ್ನು ಹೊಂದಿಸುವ ಕೈ ನುಂಗಬೇಕು. ತಿಂಗಳಿಗೆ ಇಷ್ಟು ಎಂಬ ಗುರಿ ಬೆನ್ನ ಮೇಲಿದ್ದರೆ ಆ ಕೈಗೆ ಪುರುಸೊತ್ತೆಲ್ಲಿ? ಕಾಂಟ್ಯಾಕ್ಸ್ ವಿನ್ಯಾಸವಂತೂ ಕೈಯನ್ನು ನಂಬಿಯೇ ಬರೆದದ್ದು. ನೂರಾರು ಬಿಡಿಭಾಗ, ಒಂದೊಂದಕ್ಕೂ ಹೊಂದಾಣಿಕೆ. ಕೈ ಬಿಟ್ಟ ಮೇಲೆ ಅದು ನಿಲ್ಲುವಂತಿರಲಿಲ್ಲ. ಲೈಕಾ ಎಂ4-2 ಕಾಲಕ್ಕೆ ಕೈಯನ್ನು ಬಿಟ್ಟರೂ ಅಚ್ಚನ್ನು ಹಿಡಿಯಿತು, ಕೀವ್ ಎರಡನ್ನೂ ಸಡಿಲ ಬಿಟ್ಟಿತು ಎಂಬುದು ನನ್ನ ಓದು.

ಇಷ್ಟು ಹೇಳಿ, ನನ್ನ ಮಾತಿನ ಮೇಲೆ ನಾನೇ ಒಂದು ಅನುಮಾನ ಇಡಬೇಕು. ಜಮಖಂಡಿಯ ಹಳೇ ಪೇಟೆಯಲ್ಲಿ ನಡೆದಾಡಿದರೆ ಸಂಸ್ಥಾನದ ದೊರೆಗಳಾಗಿದ್ದ ಪಟವರ್ಧನರ ಕಾಲದ ವಾಡೆಗಳ ಗೋಡೆ, ತೊಲೆ ನೋಡಿ "ಆಗಿನ ಕೆಲಸ ಅಂದರೆ ಕೆಲಸ" ಎನ್ನದವರಿಲ್ಲ. ಆಗ ಕಟ್ಟಿ, ಹತ್ತು ಮಳೆಗಾಲಕ್ಕೆ ಕುಸಿದ ಮನೆಗಳ ಬಗ್ಗೆ ಯಾರೂ ಮಾತಾಡುವುದಿಲ್ಲ, ಏಕೆಂದರೆ ಅವು ಕಾಣುವುದಿಲ್ಲ. ಕ್ಯಾಮೆರಾಗಳೂ ಹಾಗೇ. 1954ರ ಎಂ3ಗಳಲ್ಲಿ ಕೆಟ್ಟವು ಎಂದೋ ಬಿಡಿಭಾಗಗಳ ಡಬ್ಬಿ ಸೇರಿವೆ. ಇಂದು ನಮ್ಮ ಕೈಗೆ ಬರುವುದು ಎಪ್ಪತ್ತು ವರ್ಷದ ಜರಡಿಯಲ್ಲಿ ಉಳಿದದ್ದು, ಅದೂ ಎರಡು ಮೂರು ಸಲ ರಿಪೇರಿಯಾದದ್ದು. ಉಳಿದವುಗಳನ್ನಷ್ಟೇ ನೋಡಿ ಹುಟ್ಟಿದವುಗಳ ಗುಣ ಹೇಳುವುದು ಲೆಕ್ಕದಲ್ಲಿ ದೊಡ್ಡ ಮೋಸ. ಎಂ3ರ ಬೆಣ್ಣೆತನದಲ್ಲಿ ಎಷ್ಟು ಪಾಲು ವೆಟ್ಸ್ಲಾರಿನದು, ಎಷ್ಟು ಪಾಲು ಯಾವುದೋ ಊರಿನ ಹೆಸರಿಲ್ಲದ ರಿಪೇರಿಯವನದು?

ಆ ರಿಪೇರಿಯ ಮಾತೇ ನನ್ನನ್ನು ಮತ್ತೆ ಪರದೆಗೆ ತರುತ್ತದೆ. ಲೈಕಾ ಜಾತಿಯ ಕ್ಯಾಮೆರಾದೊಳಗೆ ಪರದೆ ಒಂದಲ್ಲ, ಎರಡು. ಮೊದಲನೆಯದು ಓಡಿ ಫಿಲ್ಮನ್ನು ತೆರೆಯುತ್ತದೆ, ಎರಡನೆಯದು ಬೆನ್ನಟ್ಟಿ ಬಂದು ಮುಚ್ಚುತ್ತದೆ. 36 ಮಿಲಿಮೀಟರ್ ಅಗಲದ ಚಿತ್ರವನ್ನು ದಾಟಲು ಒಂದೊಂದಕ್ಕೂ ಸೆಕೆಂಡಿನ ಸುಮಾರು 50ನೇ ಒಂದು ಭಾಗ, ಅಂದರೆ ಸೆಕೆಂಡಿಗೆ ಎರಡು ಮೀಟರಿನ ಆಸುಪಾಸಿನ ಓಟ. ಸೆಕೆಂಡಿನ 1000ನೇ ಒಂದು ಭಾಗ ಮಾತ್ರ ಬೆಳಕು ಬೇಕಾದರೆ ಎರಡು ಪರದೆಗಳ ನಡುವಿನ ಸಂದಿ ಎರಡು ಮಿಲಿಮೀಟರ್ ಇರಬೇಕು. ಸಂದಿ ಅರ್ಧ ಮಿಲಿಮೀಟರ್ ಹೆಚ್ಚಾದರೆ ಬೆಳಕು ಕಾಲು ಭಾಗ ಹೆಚ್ಚು. ಎರಡನೆಯದು ಜೋರಾಗಿ ಓಡಿ ಮೊದಲನೆಯದನ್ನು ಹಿಡಿದೇಬಿಟ್ಟರೆ ಫೋಟೋದ ಒಂದು ಬದಿ ಕತ್ತಲು. ಪರದೆಗಳನ್ನು ಎಳೆಯುವುದು ಸ್ಪ್ರಿಂಗ್ ತುಂಬಿದ ಪುಟ್ಟ ಉರುಳೆಗಳು. ಅವುಗಳ ಬಿಗಿತ ಹೆಚ್ಚುಕಡಿಮೆ ಮಾಡಲು ಕೆಳಗೆ ಸ್ಕ್ರೂ ಇದೆ. ಕಾಕಾ ಅದನ್ನು ನೋಡಿದ ಕೂಡಲೇ ಮಗ್ಗದ ನೂಲುರುಳೆಗೆ ಹೋಲಿಸಿ ಅಂದರು, "ಇದು ಬೀಮು. ಎರಡೂ ಬೀಮಿನ ಜಗ್ಗು ಸರಿ ಇದ್ರ ಹಾಸು ಸರಿ."

ಇದೇ ಸ್ಕ್ರೂ ನನ್ನ ಕಣ್ಣಲ್ಲಿ ಹಳೇ ತಲೆಮಾರಿನ ದೊಡ್ಡ ಗುಣ. ಬನಹಟ್ಟಿಯ ಗಾಳಿಯಲ್ಲಿ ಹತ್ತಿಯ ಧೂಳು, ಬೇಸಿಗೆಗೆ 40 ಡಿಗ್ರಿ. ಎಣ್ಣೆಯ ತೆಳು ಅಂಶ ಹರಿದುಹೋಗಿ ಅಂಟು ಉಳಿಯುತ್ತದೆ. ಮೊದಲು ಕೆಡುವುದು ನಿಧಾನದ ವೇಗಗಳು. ಎಚ್‌ಎಂಟಿ ಗಡಿಯಾರದೊಳಗಿರುವಂಥ ಹಲ್ಲುಗಾಲಿ ಗರ್‌ರ್ ಎಂದು ತಿರುಗಿ ಒಂದು ಸೆಕೆಂಡು ಎಣಿಸಬೇಕು. ಅಂಟು ಕೂತರೆ ನಡುವೆಯೇ ನಿಂತುಬಿಡುತ್ತದೆ. ತೊಳೆದು, ಎಣ್ಣೆಯ ಒಂದು ಹನಿಯ ನೂರನೇ ಪಾಲು ಇಟ್ಟು, ಸ್ಕ್ರೂ ತುಸು ತಿರುವಿದರೆ ಮತ್ತೆ ನಡೆಯಿತು. ಕಾರ್ಖಾನೆಯಲ್ಲಿ ಮೊದಲ ದಿನ ತಪ್ಪನ್ನು ನುಂಗಲು ಇಟ್ಟ ಸ್ಕ್ರೂ, ಎಪ್ಪತ್ತು ವರ್ಷದ ಸವೆತವನ್ನೂ ನುಂಗಲು ಒದಗುತ್ತದೆ.

ಅರಿವೆಯ ಬದಲು ಲೋಹದ ಪರದೆ ಹಾಕಬಾರದೇ? ಹಾಕಿದರು. 1950ರ ದಶಕದ ಕೊನೆಗೆ ಜಪಾನಿನ ಕ್ಯಾನನ್ ತನ್ನ ರೇಂಜ್‌ಫೈಂಡರ್‌ಗಳಿಗೆ ತೆಳು ಲೋಹದ ಹಾಳೆಯ ಪರದೆ ಕೊಟ್ಟಿತು, ನಿಕಾನ್ ಎಸ್‌ಪಿಗೂ ಮುಂದೆ ಟೈಟೇನಿಯಂ ಬಂತು. ಸೂರ್ಯ ಅದನ್ನು ಸುಡಲಾರ. ಫಿಲ್ಮ್ ತುಂಬುವಾಗ ಹೆಬ್ಬೆರಳು ತಾಗಿದರೆ ಮಾತ್ರ ಸುಕ್ಕು ಬೀಳುತ್ತದೆ, ಬಿದ್ದ ಸುಕ್ಕು ಹೋಗುವುದಿಲ್ಲ. ಇಂದು ಸಿಗುವ ಕ್ಯಾನನ್ ಪಿ, ಕ್ಯಾನನ್ 7ಗಳಲ್ಲಿ ಸುಕ್ಕಿಲ್ಲದ ಪರದೆ ಅಪರೂಪ, ಆದರೂ ಬಹುಪಾಲು ಓಡುತ್ತವೆ. ಸುಕ್ಕು ಬಿದ್ದ ಮುಖದ ಮುದುಕರ ಹಾಗೆ.

ನನ್ನ ಕ್ಯಾಮೆರಾದ ಚಿಕ್ಕಿಯನ್ನು ಕಾಕಾ ತಾವೇ ಮುಚ್ಚಿದರು. ಕಪ್ಪು ಫ್ಯಾಬ್ರಿಕ್ ಪೇಂಟಿನ ಒಂದು ಬಿಂದುವನ್ನು ಸೂಜಿಯ ತುದಿಗೆ ತಗೊಂಡು, ಉಸಿರು ಹಿಡಿದು ಮುಟ್ಟಿಸಿದರು. ದಪ್ಪ ಆಗಬಾರದು, ಪರದೆ ಪೆನ್ಸಿಲ್ಲಿಗಿಂತ ಸಣ್ಣ ಉರುಳೆಗೆ ಸುತ್ತಿಕೊಳ್ಳಬೇಕು, ಗಂಟು ಬಿದ್ದರೆ ಓಟ ಕೆಡುತ್ತದೆ ಎಂದು ನಾನು ಹೇಳುವ ಮೊದಲೇ ಅವರು ಕೈ ತೆಗೆದಿದ್ದರು. ಒಣಗಲಿ ಎಂದು ರಾತ್ರಿಯಿಡೀ ಬಿಟ್ಟು, ಮರುದಿನ ಒಂದು ರೋಲ್ ಹಾಕಿದೆ. ಲಾಳಿ ಹಾಯುವುದು, ರಬಕವಿ ರಸ್ತೆ, ಬೀಮು ಹೊತ್ತ ಗಾಡಿ, ಪತ್ರಾಸಿನ ಮೇಲಿನ ಪಾರಿವಾಳ. ಮನೆಯ ಬಚ್ಚಲಲ್ಲೇ ತೊಳೆದೆ.

ಎಂಟು ಚಿತ್ರಗಳಲ್ಲಿ ಚುಕ್ಕೆ ಇನ್ನೂ ಇತ್ತು, ಮಾಸಲು. ಉಳಿದವುಗಳಲ್ಲಿ ಇಲ್ಲ. ಹೀಗೇಕೆಂದು ಕಾಕಾ ಕೇಳಿದರು. ಸೂರ್ಯ ಸುಟ್ಟ ದಿನ ಕ್ಯಾಮೆರಾದ ಸನ್ನೆ ಎಳೆದಿತ್ತು, ಹಾಗಾಗಿ ತೂತು ಬಿದ್ದದ್ದು ಮೊದಲ ಪರದೆಗೆ. ಸನ್ನೆ ಎಳೆಯದೆ ಇಟ್ಟರೆ ಫಿಲ್ಮಿನ ಎದುರು ನಿಲ್ಲುವುದು ಎರಡನೇ ಪರದೆ, ಅದು ಸರಿ ಇದೆ. ಎಳೆದಿಟ್ಟುಕೊಂಡು ಹೊತ್ತು ಕಳೆದ ಎಂಟು ಚಿತ್ರಗಳಿಗೆ ಮಾತ್ರ ಬೆಳಕು ಸೋರಿದೆ. ಲೆನ್ಸು ಚಿತ್ರವನ್ನು ತಲೆಕೆಳಗು ಮಾಡುತ್ತದಾದ್ದರಿಂದ, ಆಕಾಶದ ಸೂರ್ಯ ಸುಟ್ಟದ್ದು ಪರದೆಯ ಕೆಳಭಾಗವನ್ನು. ಪ್ರಿಂಟಿನಲ್ಲಿ ಅದೇ ಜಾಗ ಮತ್ತೆ ಮೇಲಕ್ಕೆ ಬಂದಿದೆ. ಎಂಟರಲ್ಲಿಯೂ, ರಬಕವಿ ರಸ್ತೆಯ ಮೇಲೆ, ಗಾಡಿಯ ಮೇಲೆ, ಪಾರಿವಾಳದ ಮೇಲೆ, ಬಲಗಡೆ ಆಕಾಶದಲ್ಲಿ ಒಂದೇ ಎತ್ತರಕ್ಕೆ ಒಂದು ಬಿಳಿ ಬಿಂದು.

ಕಾಕಾ ಕನ್ನಡಕ ಏರಿಸಿ ನೋಡಿದರು. ಆಮೇಲೆ ಸೂಜಿ, ಪೇಂಟಿನ ಡಬ್ಬಿ ತರಲು ಒಳಗೆ ಹೋದರು.